ಓಟದ ಮುಂಚಿನ ಕಾಫಿಯನ್ನು ನಾನು ಲೆಕ್ಕ ಹಾಕಲು ಕಲಿತ ಬಗೆ

ಶಿವಮೊಗ್ಗದ ನನ್ನ ಮನೆಯಿಂದ ಹೊರಟು, ತೀರ್ಥಹಳ್ಳಿ ರಸ್ತೆಯಲ್ಲಿ ಗಾಜನೂರು ದಾಟಿ ಸಕ್ರೆಬೈಲಿನವರೆಗೆ ಹೋಗಿ ಹಿಂದಿರುಗಿದರೆ ಸುಮಾರು 28 ಕಿಲೋಮೀಟರ್ ಆಗುತ್ತದೆ. ಮ್ಯಾರಥಾನ್‌ಗೆ ತಯಾರಿ ನಡೆಸುವ ತಿಂಗಳುಗಳಲ್ಲಿ ಭಾನುವಾರದ ದೀರ್ಘ ಓಟ ಇದೇ ದಾರಿಯಲ್ಲಿ. ಮೂರು ವರ್ಷಗಳ ಹಿಂದೆ ಡಿಸೆಂಬರ್‌ನ ಒಂದು ಭಾನುವಾರ, ಹಿಂದಿರುಗುವಾಗ ಗಾಜನೂರು ಕಳೆದು ನಾಲ್ಕೈದು ಕಿಲೋಮೀಟರ್ ಬಂದಿದ್ದೆ. ಎದೆಯೊಳಗೆ ಏನೋ ಮಗುಚಿದಂತಾಯಿತು. ನಿಂತು, ಕುತ್ತಿಗೆಯ ಪಕ್ಕಕ್ಕೆ ಎರಡು ಬೆರಳಿಟ್ಟು ನೋಡಿದೆ. ನಾಲ್ಕು ಬಡಿತ ಸರಿಯಾಗಿ ಬಂದವು, ಐದನೆಯದು ತಪ್ಪಿತು, ಅದರ ಬೆನ್ನಿಗೇ ಒಂದು ದೊಡ್ಡ ಗುದ್ದು. ಮತ್ತೆ ನಾಲ್ಕು, ಮತ್ತೆ ಒಂದು ಖಾಲಿ. ನೋವಿರಲಿಲ್ಲ, ತಲೆ ಸುತ್ತಲಿಲ್ಲ. ಆದರೆ ನನ್ನ ತಂದೆ 51ನೆಯ ವಯಸ್ಸಿನಲ್ಲಿ, ಅಡಿಕೆ ಕೊನೆಕೊಯ್ಲಿನ ದಿನ, ಮನೆಯಂಗಳದಲ್ಲೇ ಕುಸಿದು ತೀರಿಕೊಂಡವರು. ನನಗೆ ಆಗ 47 ನಡೆಯುತ್ತಿತ್ತು. ರಸ್ತೆ ಬದಿಯ ಕಲ್ಲಿನ ಮೇಲೆ ಕುಳಿತು, ಮುಂದೆ ಹೋಗಿದ್ದ ಗೆಳೆಯನಿಗೆ ಫೋನ್ ಮಾಡಿದೆ.

ಆ ದಿನ ನಾನು ಏನೇನು ಕುಡಿದಿದ್ದೆ, ನುಂಗಿದ್ದೆ ಎಂಬುದನ್ನು ಸಂಜೆ ಕುಳಿತು ಒಂದು ಹಾಳೆಯ ಮೇಲೆ ಬರೆದೆ. ಎರಡು ದಿನದಿಂದ ನೆಗಡಿಯಿತ್ತು, ಹಿಂದಿನ ದಿನ ಕೊಪ್ಪದಲ್ಲಿ ಸಂಬಂಧಿಕರ ಮದುವೆ ಮುಗಿಸಿ ಬಂದು ಮಲಗಿದ್ದು ನಾಲ್ಕೇ ಗಂಟೆ. ಬೆಳಿಗ್ಗೆ ಎದ್ದ ತಕ್ಷಣ ನೆಗಡಿಯ ಒಂದು ಮಾತ್ರೆ, ಎರಡು ದೊಡ್ಡ ಲೋಟ ಬೆಲ್ಲದ ಕಾಫಿ, ದಾರಿಯಲ್ಲಿ ಕೆಫೀನ್ ಇರುವ ಎರಡು ಜೆಲ್ (ಓಟಗಾರರು ಶಕ್ತಿಗಾಗಿ ನುಂಗುವ ಸಿಹಿ ಪಾಕದ ಪೊಟ್ಟಣ). ಜೆಲ್‌ನ ಹೊದಿಕೆಯ ಮೇಲೆ ತಲಾ 75 ಮಿಲಿಗ್ರಾಂ ಎಂದಿತ್ತು. ಕಾಫಿಗೆ ಹೊದಿಕೆಯಿಲ್ಲವಾದ್ದರಿಂದ ಅಡುಗೆಮನೆಯಲ್ಲಿ ಪುಡಿಯನ್ನೇ ತೂಗಿದೆ. ನಮ್ಮದು 70 ಪಾಲು ಕಾಫಿಗೆ 30 ಪಾಲು ಚಿಕೋರಿ. ಒಂದು ಲೋಟದ ಡಿಕಾಕ್ಷನ್ನಿಗೆ ಬೀಳುವುದು ಏಳು ಗ್ರಾಂ ಪುಡಿ, ಅಂದರೆ ಐದು ಗ್ರಾಂ ಕಾಫಿ. ಅರೇಬಿಕಾ ಬೀಜದಲ್ಲಿ ಕೆಫೀನ್ ಸುಮಾರು ನೂರಕ್ಕೆ 1.2, ರೊಬಸ್ಟಾದಲ್ಲಿ ಅದರ ಹೆಚ್ಚುಕಡಿಮೆ ಎರಡರಷ್ಟು. ಚಿಕೋರಿಯಲ್ಲಿ ಇಲ್ಲವೇ ಇಲ್ಲ. ಅರೇಬಿಕಾ, ರೊಬಸ್ಟಾ ಎರಡನ್ನೂ ಬೆರೆಸಿದ ನಮ್ಮ ಪುಡಿಯ ಒಂದು ಲೋಟಕ್ಕೆ 85 ಮಿಲಿಗ್ರಾಂ ಎಂದು ಹಿಡಿದೆ. ಮಾತ್ರೆಯ ವಿಷಯ ಮಾತ್ರ ನನಗೆ ಹೊಳೆದೇ ಇರಲಿಲ್ಲ. ಕಸದ ಬುಟ್ಟಿಯಿಂದ ಖಾಲಿ ಪಟ್ಟಿಯನ್ನು ತೆಗೆದು ಹಿಂಬದಿಯ ಸಣ್ಣ ಅಕ್ಷರಗಳನ್ನು ಕನ್ನಡಕ ಹಾಕಿಕೊಂಡು ಓದಿದಾಗ, ಪ್ಯಾರಾಸಿಟಮಾಲ್ ಜೊತೆಗೆ ರಕ್ತನಾಳಗಳನ್ನು ಬಿಗಿಗೊಳಿಸುವ ಫಿನೈಲ್‌ಎಫ್ರಿನ್ ಮತ್ತು 30 ಮಿಲಿಗ್ರಾಂ ಕೆಫೀನ್ ಇರುವುದು ಕಂಡಿತು. ಒಟ್ಟು 350 ಮಿಲಿಗ್ರಾಂ. ನನ್ನ ತೂಕ 62 ಕಿಲೋ. ಹಾಗಾಗಿ ಕಿಲೋಗೆ ಐದೂವರೆ ಮಿಲಿಗ್ರಾಂಗಿಂತ ತುಸು ಹೆಚ್ಚು.

ಈ ಅಂಕಿ ನನ್ನನ್ನು ಗೊಂದಲಕ್ಕೆ ಕೆಡವಿತು, ಏಕೆಂದರೆ ಅದು ಅತಿಯಾದದ್ದೇನಲ್ಲ. ದೂರದ ಓಟಗಾರರಿಗೆ ದೇಹತೂಕದ ಕಿಲೋಗೆ 3ರಿಂದ 6 ಮಿಲಿಗ್ರಾಂ ಕೆಫೀನ್ ನೆರವಾಗುತ್ತದೆ ಎಂಬುದು ಕ್ರೀಡಾವಿಜ್ಞಾನದಲ್ಲಿ ಚೆನ್ನಾಗಿ ನೆಲೆಗೊಂಡ ಮಾತು. 9 ಮಿಲಿಗ್ರಾಂಗೆ ಏರಿಸಿದರೆ ಲಾಭ ಹೆಚ್ಚುವುದಿಲ್ಲ, ತೊಂದರೆಗಳು ಮಾತ್ರ ಹೆಚ್ಚುತ್ತವೆ. 2004ರಲ್ಲಿ ಕ್ರೀಡೆಯಲ್ಲಿ ಉದ್ದೀಪನ ಮದ್ದನ್ನು ತಡೆಯುವ ಜಾಗತಿಕ ಸಂಸ್ಥೆ ವಾಡಾ ಕೆಫೀನನ್ನು ನಿಷೇಧಿತ ವಸ್ತುಗಳ ಪಟ್ಟಿಯಿಂದ ತೆಗೆದ ಮೇಲೆ ಸ್ಪರ್ಧೆಯಲ್ಲಿಯೂ ಅದಕ್ಕೆ ಅಡ್ಡಿಯಿಲ್ಲ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400 ಮಿಲಿಗ್ರಾಂ, ಒಂದೇ ಸಲಕ್ಕೆ 200 ಮಿಲಿಗ್ರಾಂ ಸುರಕ್ಷಿತವೆಂದು ಹೇಳಿದೆ. ಈ ಮಿತಿಗಳನ್ನು ನಾನು ಮೀರಿರಲಿಲ್ಲ. ಆದರೆ 'ಆರೋಗ್ಯವಂತ ವಯಸ್ಕ' ಎಂಬ ಆ ಎರಡು ಪದಗಳಿಗೆ ನಾನು ಸಲ್ಲುತ್ತೇನೆಯೇ ಎಂದು ಯಾವತ್ತೂ ಪರೀಕ್ಷಿಸಿಕೊಂಡಿರಲಿಲ್ಲ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ನನ್ನ ಅಣ್ಣ, ಸಹೋದ್ಯೋಗಿಗಳು ಎಲ್ಲರೂ ಹೃದಯ ತಪಾಸಣೆಗೆ ಸಾಲು ನಿಂತಿದ್ದರು. ವಾರಕ್ಕೆ 60 ಕಿಲೋಮೀಟರ್ ಓಡುವವನಿಗೆ ಅದರ ಅಗತ್ಯವಿಲ್ಲವೆಂದು ನಾನೊಬ್ಬ ಮನೆಯಲ್ಲಿ ಉಳಿದಿದ್ದೆ. ಆ ನಿರ್ಧಾರ ತಪ್ಪಾಗಿತ್ತು.

ಮೊದಲು ಹೋದ ಕ್ಲಿನಿಕ್‌ನಲ್ಲಿ ಗ್ಯಾಸ್ಟ್ರಿಕ್ ಎಂದು ಹೇಳಿ ಮಾತ್ರೆ ಬರೆದುಕೊಟ್ಟರು. ಮನೆಯವಳು ಒಪ್ಪಲಿಲ್ಲ; "ಅಪ್ಪನಿಗೂ ಹಿಂದಿನ ದಿನ ಗ್ಯಾಸ್ ಅಂತಲೇ ಹೇಳಿದ್ದರಂತಲ್ಲ, ಬೇರೆ ಕಡೆ ತೋರಿಸೋಣ ನಡೀರಿ" ಎಂದು ಮಾರನೆಯ ದಿನವೇ ಹೃದ್ರೋಗ ತಜ್ಞರ ಬಳಿ ಕರೆದೊಯ್ದಳು. ಅವರು ಇಸಿಜಿ, ಎಕೋ, ರಕ್ತಪರೀಕ್ಷೆ ಮಾಡಿಸಿ, ನೆಗಡಿ ಪೂರ್ತಿ ಇಳಿದ ಮೇಲೆ ಟ್ರೆಡ್‌ಮಿಲ್ ಪರೀಕ್ಷೆಯನ್ನೂ ಮೈಗೆ ಕಟ್ಟಿಕೊಂಡು 24 ಗಂಟೆಯ ಹೃದಯಬಡಿತವನ್ನು ದಾಖಲಿಸುವ ಹೋಲ್ಟರ್ ಪರೀಕ್ಷೆಯನ್ನೂ ಮಾಡಿಸಿದರು. ಹೃದಯದ ರಚನೆಯಲ್ಲಿ ದೋಷವಿರಲಿಲ್ಲ. ಕೆಟ್ಟ ಕೊಲೆಸ್ಟರಾಲ್ 148 ಇತ್ತು. ಹೋಲ್ಟರ್‌ನಲ್ಲಿ ಒಂದು ದಿನಕ್ಕೆ 1,140 ಎಕ್ಟೋಪಿಕ್ ಬಡಿತಗಳು, ಅಂದರೆ ಹೃದಯದ ಕೆಳಗಿನ ಕೋಣೆಗಳಿಂದ ಹೊತ್ತಿಗೆ ಮುಂಚೆ ಹೊರಡುವ ಬಡಿತಗಳು ಸಿಕ್ಕಿದ್ದವು. ರಚನೆ ಸರಿಯಿರುವ ಹೃದಯದಲ್ಲಿ ಇವು ಬಹುಮಟ್ಟಿಗೆ ಅಪಾಯಕಾರಿಯಲ್ಲ ಎಂದು ವೈದ್ಯರು ಸಮಾಧಾನ ಹೇಳಿದರು. ಅವರು ಗಂಭೀರವಾಗಿ ತೆಗೆದುಕೊಂಡದ್ದು ನಾನು ಹೇಳದೇ ಬಿಟ್ಟಿದ್ದ ಇನ್ನೊಂದು ವಿಷಯವನ್ನು. "ಅವತ್ತು ಮೈ ಬಿಸಿ ಇತ್ತಾ?" ಎಂದು ಕೇಳಿದರು. ಸ್ವಲ್ಪ ಇತ್ತು. ವೈರಸ್ ಸೋಂಕು ಕೆಲವರಲ್ಲಿ ಹೃದಯದ ಸ್ನಾಯುವಿಗೂ ತಗಲುತ್ತದೆ, ಆ ಹೊತ್ತಿನಲ್ಲಿ ದೇಹವನ್ನು ದಣಿಸಿದರೆ ಮಾರಕ ಲಯದೋಷ ಹುಟ್ಟಬಹುದು, ಕ್ರೀಡಾಪಟುಗಳ ಹಠಾತ್ ಸಾವಿನ ಕಾರಣಗಳಲ್ಲಿ ಇದೂ ಒಂದು ಎಂದು ಅವರು ವಿವರಿಸಿದಾಗ ಕುಳಿತಲ್ಲೇ ಬೆವರಿದೆ.

ಕಾಫಿ ಈ ಕಥೆಯೊಳಗೆ ಹೇಗೆ ಬರುತ್ತದೆ ಎಂಬುದು ನನಗೆ ಸ್ಪಷ್ಟವಾದದ್ದು ಅಡೆನೊಸಿನ್ ಎಂಬ ವಸ್ತುವಿನ ಬಗ್ಗೆ ಓದಿದ ಮೇಲೆ. ದೇಹ ಶಕ್ತಿಯನ್ನು ಖರ್ಚು ಮಾಡಿದಂತೆ ಅಡೆನೊಸಿನ್ ಕೂಡುತ್ತಾ ಹೋಗುತ್ತದೆ. ಮಿದುಳಿನಲ್ಲಿ ಅದು ದಣಿವನ್ನೂ ನಿದ್ದೆಯನ್ನೂ ತರುತ್ತದೆ, ಹೃದಯದಲ್ಲಿ ರಕ್ತನಾಳಗಳನ್ನು ಹಿಗ್ಗಿಸಿ ಸ್ನಾಯುವಿಗೆ ಹೆಚ್ಚು ರಕ್ತ ಹರಿಯುವಂತೆ ಮಾಡುತ್ತದೆ. ಅಡೆನೊಸಿನ್ ಕೂರಬೇಕಾದ ಜಾಗದಲ್ಲಿ ಕೆಫೀನ್ ಹೋಗಿ ಕುಳಿತುಬಿಡುತ್ತದೆ. ಆದ್ದರಿಂದ ದಣಿವು ಗೊತ್ತಾಗುವುದಿಲ್ಲ, ಜೊತೆಗೆ ಅಡ್ರಿನಲಿನ್ ಏರುತ್ತದೆ. ಆರೋಗ್ಯವಂತ ಯುವಕರಿಗೆ 200 ಮಿಲಿಗ್ರಾಂ ಕೊಟ್ಟು ಸೈಕಲ್ ತುಳಿಸಿ ಅಳೆದಾಗ, ವ್ಯಾಯಾಮದ ಹೊತ್ತಿನಲ್ಲಿ ಹೃದಯಕ್ಕೆ ಹರಿಯುವ ರಕ್ತದ ಏರಿಕೆ ಕಡಿಮೆಯಾದದ್ದು 2006ರಲ್ಲೇ ಪ್ರಕಟವಾಗಿದೆ. ಶುದ್ಧ ನಾಳಗಳಿದ್ದವರಿಗೆ ಆ ಕೊರತೆ ತಟ್ಟದು. ಕಿರಿದಾದ ನಾಳವಿದ್ದೂ ಅದು ಗೊತ್ತಿಲ್ಲದವರ ಮಾತು ಬೇರೆ. ಮತ್ತು 35 ದಾಟಿದ ಓಟಗಾರರಲ್ಲಿ ಹಠಾತ್ ಹೃದಯಸ್ತಂಭನಕ್ಕೆ ಮುಖ್ಯ ಕಾರಣ ಈ ಕಿರಿದಾದ ನಾಳಗಳೇ.

ಇದನ್ನು ಓದಿ ಯಾರೂ ಕಾಫಿಯನ್ನಾಗಲಿ ಓಟವನ್ನಾಗಲಿ ಬಿಡಬೇಕಾಗಿಲ್ಲ. ಅಮೆರಿಕದಲ್ಲಿ 2000ದಿಂದ 2010ರವರೆಗೆ ಮ್ಯಾರಥಾನ್ ಮತ್ತು ಅರ್ಧ ಮ್ಯಾರಥಾನ್ ಓಡಿದ 1.09 ಕೋಟಿ ಓಟಗಾರರಲ್ಲಿ ಹೃದಯಸ್ತಂಭನವಾದದ್ದು 59 ಜನರಿಗೆ. ಅವರಲ್ಲಿ 42 ಜನ ತೀರಿಕೊಂಡರು. ಅಪಾಯ ಅಷ್ಟು ವಿರಳ. ಕಾಫಿಯ ಬಗ್ಗೆ 2023ರಲ್ಲಿ ಪ್ರಕಟವಾದ, ನೂರು ಜನರ ಮೇಲೆ ನಡೆದ ಪ್ರಯೋಗದಲ್ಲಿ ಕಾಫಿ ಕುಡಿದ ದಿನಗಳಲ್ಲಿ ಎಕ್ಟೋಪಿಕ್ ಬಡಿತಗಳು ದಿನಕ್ಕೆ 102ರಿಂದ 154ಕ್ಕೆ ಏರಿದ್ದವು, ನಿದ್ದೆ ಸುಮಾರು 36 ನಿಮಿಷ ಕಡಿಮೆಯಾಗಿತ್ತು, ನಡಿಗೆ ಮಾತ್ರ ಸಾವಿರ ಹೆಜ್ಜೆಯಷ್ಟು ಹೆಚ್ಚಿತ್ತು. ಮನೆಯ ಹದವಾದ ಕಾಫಿ ಹೃದಯವನ್ನು ನಿಲ್ಲಿಸುತ್ತದೆ ಎನ್ನಲು ಇದರಲ್ಲಿ ಆಧಾರವಿಲ್ಲ. ನನ್ನ ತಪ್ಪು ಇದ್ದದ್ದು, ಜ್ವರ ಮತ್ತು ನಿದ್ದೆಗೇಡಿನಿಂದ ದೇಹ ಮಲಗು ಎನ್ನುತ್ತಿದ್ದಾಗ ಆ ಮಾತು ಕೇಳಿಸದಂತೆ ಲೋಟ ಎತ್ತಿದ್ದರಲ್ಲಿ.

ಆದ್ದರಿಂದ ಈಗ ಲೋಟಕ್ಕೆ ಮುಂಚೆ ನಾಡಿ. ಎದ್ದ ಕೂಡಲೇ ಮಲಗಿದ್ದಲ್ಲೇ ಒಂದು ನಿಮಿಷ ಎಣಿಸುತ್ತೇನೆ. ನನ್ನದು ಸಾಮಾನ್ಯವಾಗಿ 52, ಅದು 60 ದಾಟಿದ್ದರೆ ಅಂದು ಓಟವಿಲ್ಲ. ಮೈ ಬಿಸಿಯಿದ್ದರೆ, ಮೈಕೈ ನೋವಿದ್ದರೆ ಎಣಿಸುವ ಪ್ರಶ್ನೆಯೂ ಇಲ್ಲ. ಜ್ವರ ಬಿಟ್ಟ ಮೇಲೂ ಒಂದು ವಾರ ನಡಿಗೆ ಮಾತ್ರ. ನಿದ್ದೆ ಐದು ಗಂಟೆಗಿಂತ ಕಡಿಮೆಯಾಗಿದ್ದರೆ ಕಾಫಿಯಿಲ್ಲದೆ ನಿಧಾನವಾಗಿ ಎಂಟು ಕಿಲೋಮೀಟರ್ ಓಡಿ ಬರುತ್ತೇನೆ. ವಾರದ ದಿನಗಳ ಓಟಕ್ಕೆ ಜೀರಿಗೆ ಕಷಾಯ. ಕಾಫಿ ಓಟ ಮುಗಿಸಿ ಬಂದ ಮೇಲೆ. ಸ್ಪರ್ಧೆಯ ದಿನ 45 ನಿಮಿಷ ಮುಂಚೆ ಒಂದೂವರೆ ಲೋಟ, ಅಂದರೆ ಕಿಲೋಗೆ ಎರಡು ಮಿಲಿಗ್ರಾಂನಷ್ಟು. ಕೊನೆಯ ಹತ್ತು ಕಿಲೋಮೀಟರ್‌ನಲ್ಲಿ ಕೆಫೀನ್ ಇರುವ ಏನನ್ನೂ ಬಾಯಿಗೆ ಹಾಕುವುದಿಲ್ಲ, ಏಕೆಂದರೆ ಓಟಗಾರರು ಕುಸಿಯುವುದು ಹೆಚ್ಚಾಗಿ ದೂರದ ಕೊನೆಯ ಕಾಲುಭಾಗದಲ್ಲಿ, ಗುರಿ ಕಂಡು ವೇಗ ಹೆಚ್ಚಿಸುವಾಗ. ಕೆಫೀನ್ ಅರ್ಧದಷ್ಟು ಇಳಿಯಲು ಸುಮಾರು ಐದು ಗಂಟೆ ಬೇಕಾದ್ದರಿಂದ ಮೊದಲು ಕುಡಿದದ್ದು ಆಗಲೂ ಮೈಯಲ್ಲಿರುತ್ತದೆ. ನೆಗಡಿಯ, ತಲೆನೋವಿನ ಮಾತ್ರೆಗಳ ಪಟ್ಟಿಯನ್ನು ಹಿಂಬದಿ ಓದದೆ ಹರಿಯುವುದಿಲ್ಲ.

ನನಗೆ ಈಗ ಹೆಚ್ಚು ಆತಂಕವಿರುವುದು ನೆಹರೂ ಕ್ರೀಡಾಂಗಣಕ್ಕೆ ಬೆಳಗಿನ ಜಾವ ಬರುವ ಹುಡುಗರ ಬಗ್ಗೆ. ಪೊಲೀಸ್ ಕಾನ್‌ಸ್ಟೆಬಲ್ ಆಯ್ಕೆಗೆ 1600 ಮೀಟರನ್ನು ಆರೂವರೆ ನಿಮಿಷದೊಳಗೆ ಮುಗಿಸಬೇಕು. ಹತ್ತು ಸೆಕೆಂಡ್ ಉಳಿಸಲು ಅವರು ಏನನ್ನಾದರೂ ಕುಡಿಯಲು ಸಿದ್ಧ. ಅಂಗಡಿಯ ಎನರ್ಜಿ ಡ್ರಿಂಕ್‌ಗೆ ನಮ್ಮ ಆಹಾರ ಸುರಕ್ಷತಾ ನಿಯಮದಲ್ಲಿ ಲೀಟರಿಗೆ 300 ಮಿಲಿಗ್ರಾಂ ಎಂಬ ಮೇಲ್ಮಿತಿಯಿದೆ, ಹಾಗಾಗಿ 250 ಮಿಲಿಲೀಟರ್ ಬಾಟಲಿಯಲ್ಲಿ 75 ದಾಟದು. ವ್ಯಾಯಾಮಕ್ಕೆ ಮುಂಚೆ ಕುಡಿಯುವ, ಜಿಮ್‌ನವರ ಪ್ರೀ-ವರ್ಕೌಟ್ ಪುಡಿಯ ಒಂದೇ ಚಮಚದಲ್ಲಿ 200ರಿಂದ 300 ಇರಬಹುದು. ಹೊಳೆಹೊನ್ನೂರು ಕಡೆಯ ಒಬ್ಬ ಹುಡುಗ ಆ ಪುಡಿಯನ್ನು ನೀರೂ ಇಲ್ಲದೆ ಬಾಯಿಗೆ ಸುರಿದುಕೊಂಡದ್ದನ್ನು ನೋಡಿ ಕರೆದು ಕೂರಿಸಿದೆ. ಇನ್ನೂ ಒಂದು ಹೆಜ್ಜೆ ಓಡಿರಲಿಲ್ಲ, ನಾಡಿ 118 ಇತ್ತು, ಬೆರಳು ನಡುಗುತ್ತಿತ್ತು. "ಸರ್, ಎಲ್ಲರೂ ತಗೊಳ್ತಾರೆ, ನನಗೊಬ್ಬನಿಗೆ ಏನಾಗತ್ತೆ?" ಎಂದ. ಓಡುವಾಗ ಎಂದಾದರೂ ಕಣ್ಣು ಕತ್ತಲೆ ಬಂದು ಬಿದ್ದದ್ದುಂಟೇ, ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಹಠಾತ್ತನೆ ಹೋದವರಿದ್ದಾರೆಯೇ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಸೋದರಮಾವ 29ಕ್ಕೆ ನಿದ್ದೆಯಲ್ಲೇ ತೀರಿಕೊಂಡರೆಂದು ಹೇಳಿದ. ಆ ವಯಸ್ಸಿನವರಲ್ಲಿ ಕಾರಣ ಹೆಚ್ಚಾಗಿ ವಂಶದಿಂದ ಬರುವ ಹೃದಯಸ್ನಾಯುವಿನ ದಪ್ಪವಾಗುವಿಕೆ, ಲಯದೋಷಗಳು. ಅವನ ತಾಯಿಯೊಂದಿಗೆ ನಾನೇ ಮಾತನಾಡಿ ಇಸಿಜಿಗೂ ಎಕೋಗೂ ಕಳುಹಿಸಿದೆ.

ನಮ್ಮ ಭಾನುವಾರದ ಗುಂಪಿನ ಹನ್ನೊಂದು ಜನರೂ ಈಗ ಎದೆ ಒತ್ತುವ ಪ್ರಥಮ ಚಿಕಿತ್ಸೆಯನ್ನು ಕಲಿತಿದ್ದೇವೆ: ನಿಮಿಷಕ್ಕೆ 100ರಿಂದ 120 ಬಾರಿ, ಐದರಿಂದ ಆರು ಸೆಂಟಿಮೀಟರ್ ಆಳಕ್ಕೆ, 108ರ ಆಂಬುಲೆನ್ಸ್ ಬರುವವರೆಗೆ ಸರದಿಯಂತೆ. ಗಾಜನೂರಿನ ಆಚೆ ಕೆಲವು ಕಡೆ ಸಿಗ್ನಲ್ ಸಿಗುವುದಿಲ್ಲ, ಆದ್ದರಿಂದ ಒಬ್ಬರು ಬೈಕ್‌ನಲ್ಲಿ ಹಿಂದೆ ಬರುತ್ತಾರೆ.

ಕಳೆದ ತಿಂಗಳ ನನ್ನ ಹೋಲ್ಟರ್‌ನಲ್ಲಿ ಎಕ್ಟೋಪಿಕ್ ಬಡಿತಗಳು 210ಕ್ಕೆ ಇಳಿದಿವೆ. ಸೋಂಕು ಹೋಗಿರುವುದು, ನಿದ್ದೆ ಹೆಚ್ಚಿರುವುದು, ಕೆಫೀನ್ ಕಡಿಮೆಯಾಗಿರುವುದು ಇವುಗಳಲ್ಲಿ ಯಾವುದಕ್ಕೆ ಎಷ್ಟು ಪಾಲು ಎಂದು ಬೇರ್ಪಡಿಸಲು ಬಾರದು ಎಂದು ವೈದ್ಯರು ಮುಂಚೆಯೇ ಹೇಳಿದ್ದಾರೆ. ಕೊಲೆಸ್ಟರಾಲ್ ಮಾತ್ರೆಯನ್ನು ಮುಂದುವರಿಸಿ, ವರ್ಷ ಬಿಟ್ಟು ಬರಲು ತಿಳಿಸಿದ್ದಾರೆ.