ಎರಡು ದೃಶ್ಯದ ಪಾತ್ರ: ಎಂ. ಎಮೆಟ್ ವಾಲ್ಶ್ ಚಿತ್ರಗಳನ್ನು ಇಟ್ಟುಕೊಂಡು ಅಭ್ಯಾಸ ಮಾಡುವ ಕ್ರಮ

ಮಂಗಳೂರು, ಉಡುಪಿಯ ಹವ್ಯಾಸಿ ನಾಟಕಗಳಲ್ಲಿ ಪೊಲೀಸ್ ಪೇದೆ, ಡಾಕ್ಟರ್, ಬ್ಯಾಂಕ್ ಮ್ಯಾನೇಜರ್, ಲಾಡ್ಜಿನ ಗುಮಾಸ್ತ ಇಂಥ ಪಾತ್ರಗಳು ಹಲವು ಸಲ ಕೊನೆಗೆ ಉಳಿದವರ ಪಾಲಿಗೆ ಬೀಳುತ್ತವೆ. ನಾಟಕ ಸೊರಗುವುದೂ ಅಲ್ಲೇ. ಯಕ್ಷಗಾನದಲ್ಲಿ ದೂತ ಬಂದು ಹೋದ ಮೇಲೆ ರಾಜನ ನಿಲುವು ಬದಲಾಗಿರಬೇಕು. ಬದಲಾಗದಿದ್ದರೆ ದೂತ ಬಂದದ್ದೇ ವ್ಯರ್ಥ. ಆ ದೂತನ ಕೆಲಸವನ್ನು ಕ್ಯಾಮೆರಾದ ಮುಂದೆ ಐವತ್ತು ವರ್ಷ ಮಾಡಿದವರು ಅಮೆರಿಕದ ಎಂ. ಎಮೆಟ್ ವಾಲ್ಶ್ (1935–2024). ಪೆರೋಲ್ ಅಧಿಕಾರಿ, ಈಜು ತರಬೇತುದಾರ, ಪೊಲೀಸ್ ಕ್ಯಾಪ್ಟನ್, ಕಾವಲುಗಾರ: ಅವರು ಮಾಡಿದ್ದೂ ನಮ್ಮ ನಾಟಕಗಳಲ್ಲಿರುವಂಥ ಪಾತ್ರಗಳನ್ನೇ. ಆದ್ದರಿಂದಲೇ ಈ ಅಭ್ಯಾಸಕ್ಕೆ ಅವರು ಸರಿಯಾದ ಆಯ್ಕೆ.

ಮಳೆಗಾಲ ಇದಕ್ಕೆ ಹೇಳಿ ಮಾಡಿಸಿದ ಕಾಲ. ಯಕ್ಷಗಾನದ ತಿರುಗಾಟ ಮುಗಿಯುವ ದಿನವಾದ ಪತ್ತನಾಜೆ ಕಳೆದರೆ ಮೇಳಗಳವರಿಗೂ ಬಿಡುವು. ವಾರಕ್ಕೊಂದು ಚಿತ್ರದಂತೆ ಆರು ವಾರ ಸಾಕು, ಹತ್ತು ಜನಕ್ಕಿಂತ ಹೆಚ್ಚು ಬೇಡ. ಹಂಚಿನ ಮಾಡಿನ ಕೆಳಗೆ ಜಡಿಮಳೆಯ ಸದ್ದಿಗೆ ಸಂಭಾಷಣೆ ಕೇಳಿಸುವುದಿಲ್ಲ. ಸ್ಪೀಕರನ್ನು ಪರದೆಯ ಪಕ್ಕದಿಂದ ತೆಗೆದು ನೋಡುವವರ ಹತ್ತಿರ ಇಡಿ, ಸಬ್‌ಟೈಟಲ್ ಹಾಕಿಯೇ ಇರಲಿ. ಬಲ್ಬ್ ಇರುವ ಹಳೆಯ ಪ್ರೊಜೆಕ್ಟರಾದರೆ ಯುಪಿಎಸ್ ಬೇಕು. ಕರೆಂಟು ಹೋದಾಗ ಫ್ಯಾನ್ ತಟ್ಟನೆ ನಿಂತರೆ ಬಿಸಿಗೆ ಬಲ್ಬಿನ ಆಯುಷ್ಯ ಕಡಿಮೆಯಾಗುತ್ತದೆ. ಇದು ತಂಡದೊಳಗಿನ ಅಭ್ಯಾಸವಾಗಿಯೇ ಇರಲಿ. ಸಾರ್ವಜನಿಕ ಪ್ರದರ್ಶನ ಮಾಡುವುದಾದರೆ ಹಕ್ಕುದಾರರ ಅನುಮತಿ ಪಡೆಯಬೇಕು. ಈ ಚಿತ್ರಗಳಲ್ಲಿ ಹಿಂಸೆ, ಒರಟು ಮಾತು ಇರುವುದರಿಂದ ಮಕ್ಕಳ ತಂಡಕ್ಕೆ ಹೊಂದುವುದಿಲ್ಲ.

ಚಿತ್ರಗಳನ್ನು ಹುಡುಕುವಾಗ ಪೂರ್ತಿ ಹೆಸರು ಹಾಕಿ. ಜೆ. ಟಿ. ವಾಲ್ಶ್ ಎಂಬ ಇನ್ನೊಬ್ಬ ಒಳ್ಳೆಯ ಪೋಷಕ ನಟ ಇದ್ದರು, ಇಬ್ಬರ ಪಟ್ಟಿ ಬೆರೆತುಹೋಗುವುದುಂಟು.

ನೋಡಬೇಕಾದ ಅನುಕ್ರಮ ಹೀಗೆ: ‘ಸ್ಟ್ರೇಟ್ ಟೈಮ್’ (1978), ‘ಆರ್ಡಿನರಿ ಪೀಪಲ್’ (1980), ‘ಬ್ಲೇಡ್ ರನ್ನರ್’ (1982), ‘ರೈಸಿಂಗ್ ಅರಿಜೋನಾ’ (1987), ‘ನೈವ್ಸ್ ಔಟ್’ (2019), ಕೊನೆಗೆ ‘ಬ್ಲಡ್ ಸಿಂಪಲ್’ (1984). ಇಸವಿಯ ಕ್ರಮ ತಪ್ಪಿಸಿದ್ದು ಬೇಕೆಂದೇ. ‘ಬ್ಲಡ್ ಸಿಂಪಲ್’ನ ಖಾಸಗಿ ಪತ್ತೇದಾರ ಅವರ ಅತಿ ಪ್ರಸಿದ್ಧ ಪಾತ್ರ, ದೊಡ್ಡ ಪಾತ್ರವೂ ಹೌದು. ಮೊದಲೇ ಅದನ್ನು ತೋರಿಸಿದರೆ ಎಲ್ಲರೂ ಆ ನಗೆಯನ್ನು, ಆ ಎಳೆದಾಡುವ ಮಾತನ್ನು ಅನುಕರಿಸುತ್ತಾರೆ, ಅಭ್ಯಾಸ ಅಲ್ಲಿಗೇ ನಿಂತುಬಿಡುತ್ತದೆ. ‘ಸ್ಟ್ರೇಟ್ ಟೈಮ್’ ನೋಡಿ ಮೆಚ್ಚಿದ ಕೋಎನ್ ಸಹೋದರರು, ಅಂದರೆ ‘ಬ್ಲಡ್ ಸಿಂಪಲ್’ ಮಾಡಿದವರು, ಆ ಪಾತ್ರವನ್ನು ವಾಲ್ಶ್‌ಗಾಗಿಯೇ ಬರೆದರು. ಸಣ್ಣ ಪಾತ್ರವೊಂದು ದೊಡ್ಡದನ್ನು ತಂದುಕೊಟ್ಟ ಬಗೆ ಅದು, ನಾವೂ ಅದೇ ದಾರಿಯಲ್ಲಿ ಹೋಗೋಣ.

ಪ್ರತಿ ಚಿತ್ರವನ್ನು ಮೂರು ಸಲ ನೋಡಬೇಕು. ಮೊದಲು ಪೂರ್ತಿಯಾಗಿ, ನಡುವೆ ನಿಲ್ಲಿಸದೆ. ಬರೀ ತುಣುಕು ನೋಡಿದವರಿಗೆ ವಾಲ್ಶ್ ಬರುವ ಮೊದಲು ಕಥೆ ಎಲ್ಲಿತ್ತು, ಹೋದ ಮೇಲೆ ಎಲ್ಲಿಗೆ ತಿರುಗಿತು ಎಂಬುದು ತಿಳಿಯುವುದೇ ಇಲ್ಲ. ಎರಡನೇ ಸಲ ಅವರ ದೃಶ್ಯಗಳನ್ನಷ್ಟೇ, ಧ್ವನಿ ಮತ್ತು ಸಬ್‌ಟೈಟಲ್ ಎರಡನ್ನೂ ತೆಗೆದು. ಮೂರನೇ ಸಲ ಪರದೆಗೆ ಬಟ್ಟೆ ಮುಚ್ಚಿ ಬರೀ ಧ್ವನಿ. ಪುಸ್ತಕದಲ್ಲಿ ಐದು ವಿಷಯ ಬರೆದುಕೊಳ್ಳಿ: ಪ್ರವೇಶದ ಮತ್ತು ನಿರ್ಗಮನದ ನಿಮಿಷ, ಎದುರಿನವರಿಂದ ಈ ಪಾತ್ರಕ್ಕೆ ಏನು ಬೇಕು, ಕೈಯಲ್ಲಿ ಏನಿದೆ, ಯಾವ ಮಾತಿಗೆ ಎದುರಿನವರ ಮುಖ ಬದಲಾಯಿತು, ದೃಶ್ಯ ತೆಗೆದರೆ ಕಥೆಯಲ್ಲಿ ಏನು ಮುರಿಯುತ್ತದೆ. ಕೊನೆಯದು ಬರೆಯಲು ಕಷ್ಟ, ಆದರೆ ಬಿಡಬಾರದು.

‘ಸ್ಟ್ರೇಟ್ ಟೈಮ್’ಗೆ ಒಂದು ವಾರ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಜೈಲಿನಿಂದ ಹೊರಬಂದವನ ಮೇಲೆ ಕಣ್ಣಿಡುವ ಅಧಿಕಾರಿ ಅರ್ಲ್ ಫ್ರಾಂಕ್ ಸ್ನೇಹಿತನಂತೆ ಮಾತನಾಡುತ್ತಲೇ ಅವನ ಬದುಕನ್ನು ಬಿಗಿಹಿಡಿಯುತ್ತಾನೆ. ಧ್ವನಿ ತೆಗೆದು ನೋಡಿದರೆ ಉಪಕಾರಿಯಂತೆ ಕಾಣುತ್ತಾನೆ, ಧ್ವನಿ ಹಾಕಿದ ಮೇಲೆ ಹೆದರಿಕೆಯಾಗುತ್ತದೆ. ಹುಬ್ಬು ಗಂಟಿಕ್ಕಿ ಅಬ್ಬರಿಸಿದರೇ ಅಧಿಕಾರಿ ಎಂದುಕೊಂಡವರು ಈ ಪಾತ್ರವನ್ನು ಹತ್ತು ಸಲ ನೋಡಲಿ. ‘ಆರ್ಡಿನರಿ ಪೀಪಲ್’ನ ಈಜು ತರಬೇತುದಾರ ಆಸ್ಪತ್ರೆಯಿಂದ ಮರಳಿದ ಹುಡುಗನಿಗೆ ಶಾಕ್ ಚಿಕಿತ್ಸೆಯ ಬಗ್ಗೆ ಕೇಳುತ್ತಾನೆ. ನೋಯಿಸುವ ಉದ್ದೇಶವೇ ಅವನಿಗಿಲ್ಲ, ತಾನು ಸರಿ ಎಂದೇ ನಂಬಿದ್ದಾನೆ. ಖಳನನ್ನು ಖಳನೆಂದು ಆಡಬಾರದು ಎಂಬ ಪಾಠ ಅಲ್ಲಿದೆ.

‘ಬ್ಲೇಡ್ ರನ್ನರ್’ನಲ್ಲಿ ಕ್ಯಾಪ್ಟನ್ ಬ್ರಯಂಟ್ ಮಾಡುವ ಕೆಲಸ ನಮ್ಮ ನಾಟಕಗಳಲ್ಲಿ ಅತಿ ಹೆಚ್ಚು ಹಾಳಾಗುವಂಥದ್ದು: ಪ್ರೇಕ್ಷಕರಿಗೆ ಮಾಹಿತಿ ಕೊಡುವುದು. ಮಾಹಿತಿಯನ್ನು ಸಭೆಗೆ ಒಪ್ಪಿಸಿದರೆ ಅದು ಪಾಠ ಓದಿದಂತೆ. ಬ್ರಯಂಟ್ ಅದನ್ನು ಹೇಳುವುದು ಒಲ್ಲದ ಪತ್ತೇದಾರನನ್ನು ಕೆಲಸಕ್ಕೆ ಎಳೆಯಲು. ‘ರೈಸಿಂಗ್ ಅರಿಜೋನಾ’ದಲ್ಲಿ ಕಾರ್ಖಾನೆಯ ಸಹೋದ್ಯೋಗಿಯಾಗಿ ಬಿಡುವಿಲ್ಲದೆ ಹರಟುತ್ತಾರೆ. ಅಲ್ಲಿ ಕೇಳುವವನ ಮೌನವನ್ನೂ ಗಮನಿಸಿ. ‘ನೈವ್ಸ್ ಔಟ್’ ಹೊತ್ತಿಗೆ ಅವರಿಗೆ ಎಂಬತ್ತು ದಾಟಿತ್ತು, ಪಾತ್ರ ಕೆಲವೇ ನಿಮಿಷದ್ದು.

ಇನ್ನು ಕಲಿತದ್ದನ್ನು ರಂಗಕ್ಕೆ ತರುವುದು. ಆರೆಂಟು ಸಾಲಿಗಿಂತ ಹೆಚ್ಚಿಲ್ಲದ ಪಾತ್ರವೊಂದನ್ನು ಆರಿಸಿ. ‘ಇವನು ಇವತ್ತು ಬೆಳಿಗ್ಗೆ ಎಲ್ಲಿಂದ ಬಂದ, ಇಲ್ಲಿಂದ ಎಲ್ಲಿಗೆ ಹೋಗುವ ಅವಸರ’ ಎಂದು ಎರಡು ಸಾಲು ಬರೆಯಿರಿ, ಅದಕ್ಕಿಂತ ಹೆಚ್ಚು ಬೇಡ. ಪುಟಗಟ್ಟಲೆ ಪೂರ್ವಕಥೆ ಬರೆದವರು ಅದನ್ನೆಲ್ಲ ತೋರಿಸಲು ಹೋಗಿ ದೃಶ್ಯವನ್ನು ಎಳೆಯುತ್ತಾರೆ. ಕೈಗೆ ಒಂದೇ ವಸ್ತು ಕೊಡಿ: ಕೊಡೆ, ಬೀಗದ ಕೈ ಗೊಂಚಲು, ಎಲೆ ಅಡಿಕೆಯ ಚೀಲ. ‘ಬ್ಲಡ್ ಸಿಂಪಲ್’ನಲ್ಲಿ ಪತ್ತೇದಾರ ಮೇಜಿನ ಮೇಲೆ ಮರೆತು ಬಂದ ಸಿಗರೇಟ್ ಲೈಟರ್ ಕಥೆಯನ್ನೇ ಮುಂದೆ ತಳ್ಳುತ್ತದೆ. ವಸ್ತು ಅಲಂಕಾರಕ್ಕಲ್ಲ.

‘ಬ್ಲಡ್ ಸಿಂಪಲ್’ನ ಟೆಕ್ಸಾಸ್ ಉಚ್ಚಾರಣೆಯನ್ನು ಇಲ್ಲಿಗೆ ತರಬೇಡಿ. ಪಾತ್ರ ಕುಂದಾಪುರದವನಾದರೆ ಕುಂದಾಪ್ರ ಕನ್ನಡ, ಮನೆಮಾತು ತುಳುವಾದರೆ ಆ ಲಯದ ಕನ್ನಡ. ಆದರೆ ಆಡುಮಾತನ್ನು ನಗಿಸಲಿಕ್ಕಾಗಿ ಉಬ್ಬಿಸಿದರೆ ಮನುಷ್ಯ ಮಾಯವಾಗಿ ಅಣಕವಷ್ಟೇ ಉಳಿಯುತ್ತದೆ. ಆ ಮಾತಿನವರನ್ನೇ ತಾಲೀಮಿಗೆ ಕರೆದು ಕೂರಿಸಿ.

ನಾಲ್ಕನೇ ತಾಲೀಮಿನಲ್ಲಿ ಆ ಪಾತ್ರವನ್ನು ಬಿಟ್ಟು ನಾಟಕ ಓಡಿಸಿ ನೋಡಿ. ಮುಖ್ಯ ನಟ ಮುಂದಿನ ದೃಶ್ಯಕ್ಕೆ ಸಲೀಸಾಗಿ ದಾಟಿದರೆ ಪಾತ್ರಕ್ಕೆ ಇನ್ನೂ ಕೆಲಸ ಸಿಕ್ಕಿಲ್ಲ, ‘ಏನು ಬೇಕು’ ಎಂಬ ಕಾಲಮಿಗೆ ಹಿಂತಿರುಗಿ. ಅವನು ತಡವರಿಸಿ ನಿಂತರೆ ಪಾತ್ರಧಾರಿಯನ್ನು ವಾಪಸು ಕರೆದು ಮುಂದುವರಿಸಿ.