ಸಗಣಿಯಿಂದ ಅಡುಗೆ ಅನಿಲ: ಘಟಕ ತುಂಬಿಸುವ ಕ್ರಮ

ಮುಧೋಳ, ಜಮಖಂಡಿ ಭಾಗದಲ್ಲಿ ನಾಲ್ಕೈದು ದನಗಳಿರುವ ಮನೆಗೆ 2 ಘನ ಮೀಟರ್ ಗೋಬರ್ ಗ್ಯಾಸ್ ಘಟಕ ಹೊಂದುತ್ತದೆ. ಅದಕ್ಕೆ ದಿನವೊಂದಕ್ಕೆ ಸುಮಾರು 50 ಕೆ.ಜಿ. ಹಸಿ ಸಗಣಿ ಬೇಕು. ಸಗಣಿಗೆ ಅಷ್ಟೇ ಪ್ರಮಾಣದ ನೀರು ಬೆರೆಸಿ, ಕಲ್ಲು, ಮಣ್ಣು, ಕಣಿಕೆಯ (ಜೋಳದ ಒಣ ದಂಟಿನ) ತುಂಡುಗಳನ್ನು ಕೈಯಿಂದಲೇ ಆರಿಸಿ ತೆಗೆದು, ಬೆರಳಿಗೆ ಒಂದು ಗಂಟೂ ಸಿಗದಂತೆ ಅಂಬಲಿಯ ಹದಕ್ಕೆ ಕಲಸಿದ ಮೇಲಷ್ಟೇ ಕಲಸುವ ತೊಟ್ಟಿಯ ಬಿರಡೆ ತೆಗೆದು ಘಟಕದೊಳಗೆ ಬಿಡಬೇಕು. ಕಣಿಕೆ ಒಳಗೆ ಹೋದರೆ ಮೇಲೆ ತೇಲಿ, ಗಟ್ಟಿ ಪದರವಾಗಿ ಅನಿಲವನ್ನು ತಡೆಯುತ್ತದೆ.

ಕಬ್ಬಿನ ರವದಿಯನ್ನೂ (ಒಣ ಎಲೆಯನ್ನೂ) ಇದಕ್ಕೆ ಹಾಕಬಾರದು, ಏಕೆಂದರೆ ಅದರ ನಾರು ಬೇಗ ಕೊಳೆಯುವುದಿಲ್ಲ. ಹಾಗೆಂದು ಅದಕ್ಕೆ ಬೆಂಕಿ ಇಡುವುದು ಮಣ್ಣಿಗೆ ಮಾಡುವ ದ್ರೋಹವೇ ಸರಿ. ಸಾಲುಗಳ ನಡುವೆ ಹೊದಿಕೆಯಾಗಿ ಹರಡಿರಿ. ಘಟಕದೊಳಗೆ ಹುಳಿ ಪದಾರ್ಥಗಳು ಹೆಚ್ಚಾದರೆ ಆಮ್ಲತೆ ಏರಿ, ಉರಿಯುವ ಅನಿಲವಾದ ಮೀಥೇನ್ ಉತ್ಪಾದಿಸುವ ಸೂಕ್ಷ್ಮಜೀವಿಗಳು ಸೊರಗುತ್ತವೆ.

ಆರಂಭದಲ್ಲಿ ಬರುವ ಅನಿಲದಲ್ಲಿ ಗಾಳಿ ಬೆರೆತಿರುವುದರಿಂದ ಸ್ಫೋಟದ ಅಪಾಯವಿದೆ. ಅದನ್ನು ಹೊತ್ತಿಸದೆ, ಹತ್ತಿರ ಬೆಂಕಿಯಿಲ್ಲದ ಬಯಲಿನಲ್ಲಿ ಹೊರಬಿಡಬೇಕು. ಈ ಎಚ್ಚರಿಕೆಯನ್ನು ಮನೆಯ ಪ್ರತಿಯೊಬ್ಬರಿಗೂ ಹೇಳಿರಿ. 30ರಿಂದ 35 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅನಿಲ ಚೆನ್ನಾಗಿ ಹುಟ್ಟುವುದರಿಂದ, ಚಳಿಗಾಲದಲ್ಲಿ ಬಿಸಿಲಿಗಿಟ್ಟ ನೀರಿನಿಂದ ಸಗಣಿ ಕಲಸುವುದು ಒಳ್ಳೆಯದು. ಹೊರಬರುವ ಬಗ್ಗಡವನ್ನು ಕಬ್ಬಿನ ನೀರಿನೊಂದಿಗೆ ಹರಿಸಬಹುದು.