ಶಾಲೆ ತೋಟ ಮಾಡೋರು ಮೊದಲು ಅಡುಗೆಯವರನ್ನ ಕೇಳಿ

ನಾನು ಕಲಬುರಗಿ ಜಿಲ್ಲೆ ಜೇವರ್ಗಿ ತಾಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರು. ಶಾಲೆಯಲ್ಲಿ ಕೈತೋಟ ಶುರು ಮಾಡಬೇಕು ಅನ್ನೋರಿಗೆ ನಾನು ಹೇಳೋದು ಒಂದೇ. ಬೀಜ ತರುವ ಮೊದಲು ಬಿಸಿಯೂಟದ ಕೋಣೆಗೆ ಹೋಗಿ ಕೂತು ಮಾತಾಡಿ. ಯಾವ ತಪ್ಪಲು, ಅಂದ್ರೆ ಸೊಪ್ಪು, ಬೇಳೆ ಜೊತೆ ಬೇಗ ಬೇಯುತ್ತೆ, ಯಾವುದನ್ನ ಸೋಸೋಕೆ (ಆರಿಸಿ ಬಿಡಿಸೋಕೆ) ಹೊತ್ತು ಹಿಡಿಯುತ್ತೆ, ಮಕ್ಕಳು ತಟ್ಟೆಯಲ್ಲಿ ಏನನ್ನ ಬದಿಗೆ ಸರಿಸ್ತಾರೆ, ಇದೆಲ್ಲ ಅಡುಗೆಯವರಿಗೇ ಗೊತ್ತು. ನಮ್ಮ ಅಡುಗೆಯವರು ಅಂದದ್ದು, "ಟಮಾಟಿ, ಬದನಿಕಾಯಿ ಆಮ್ಯಾಗ ಹಚ್ರಿ ಸರ್. ಮದಲ ಪುಂಡಿ ಹಾಕ್ರಿ, ಹುಡುಗುರು ತಾವೇ ಕೇಳಿ ಉಣ್ತಾವ." ಹಾಗೇ ಪುಂಡಿ, ಅಂದ್ರೆ ಗೋಂಗೂರ ಸೊಪ್ಪನ್ನ, ಮೊದಲು ಹಾಕಿದೆವು.

ನಮ್ಮದು ಎರೆಮಣ್ಣು. ಮಳೆ ಬಂದರೆ ನೀರು ನಿಲ್ಲುತ್ತೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತೆ. ಅದಕ್ಕೇ ಮಡಿಯನ್ನ ಒಂದು ಗೇಣು ಎತ್ತರಿಸಿ, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಬೆರೆಸಿದೆವು. ಮಡಿ ಜಾಸ್ತಿ ಅಗಲ ಬೇಡ. ನಾಲ್ಕನೇ ಕ್ಲಾಸಿನ ಮಗು ಪಕ್ಕದಲ್ಲಿ ಕೂತು ಕೈ ಚಾಚಿದರೆ ನಡುವಿನವರೆಗೆ ಸಿಗಬೇಕು, ಇಲ್ಲಾಂದ್ರೆ ಕಳೆ ಕೀಳೋಕೆ ಒಳಗೆ ಕಾಲಿಟ್ಟು ಮಣ್ಣನ್ನ ತುಳಿದು ಗಟ್ಟಿ ಮಾಡಿಬಿಡ್ತಾರೆ. ಕೈ ತೊಳೆದ ನೀರು ನುಗ್ಗೆ ಗಿಡಕ್ಕೆ ಹೋಗುತ್ತೆ, ತಪ್ಪಲಿಗೆ ಮಾತ್ರ ಬೋರ್‌ವೆಲ್ ನೀರು. ಆಡು, ಹಂದಿ ಇರುವ ಊರಲ್ಲಿ ಜಾಲಿಮುಳ್ಳಿನ ಬೇಲಿ ಮೊದಲು, ಬಿತ್ತನೆ ಆಮೇಲೆ.

ಜೂನ್ ಮಳೆಗೆ ಪುಂಡಿ. ದಸರಾ ರಜೆ ಮುಗಿದ ಮೇಲೆ ಮೆಂತ್ಯ, ಪಾಲಕ್, ಮೂಲಂಗಿ. ಮೆಂತ್ಯ ಒಂದು ತಿಂಗಳೊಳಗೆ ಕೈಗೆ ಬರುತ್ತೆ, ಮಕ್ಕಳಿಗೆ ಆಸಕ್ತಿ ಹುಟ್ಟಿಸೋಕೆ ಅದೇ ಒಳ್ಳೇದು. ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುವ ಬಿಸಿಲು, ಶಾಲೆಗೂ ರಜೆ. ಆಗ ನುಗ್ಗೆ, ಕರಿಬೇವು ಉಳಿದರೆ ಸಾಕು.

ತೋಟದಷ್ಟೇ ಮುಖ್ಯ ಊಟದ ಪಾಠ. ಒಮ್ಮೆ ಎಳೆ ಮೆಂತ್ಯ ಕೊಯ್ದು, ತೊಳೆದು, ಉಳ್ಳಾಗಡ್ಡಿ ಹೆಚ್ಚಿ ಹಾಕಿ, ಉಪ್ಪು ಸೇರಿಸಿ ಲಿಂಬೆ ಹಿಂಡಿದೆವು. ಐದನೇ ಕ್ಲಾಸಿನ ಹುಡುಗಿಯೊಬ್ಬಳು ಒಂದೆಲೆ ಬಾಯಿಗಿಟ್ಟು ಕಣ್ಣು ಕಿರಿದು ಮಾಡಿದಳು. ಇನ್ನೊಂದು ಚಿಟಿಕೆ ತಗೊಂಡಳು. "ಕಹಿ ಅದ ಸರ್, ರೊಟ್ಟಿ ಇದ್ರ ನಡೀತದ" ಅಂದಳು. ಲಿಂಬೆ ಯಾಕೆ ಅಂತ ಆಗಲೇ ಹೇಳಿಕೊಟ್ಟೆ. ಲಿಂಬೆಯಲ್ಲಿರುವ ಸಿ ವಿಟಮಿನ್‌ನಿಂದ ಸೊಪ್ಪಿನ ಕಬ್ಬಿಣದ ಅಂಶ ಮೈಗೆ ಚೆನ್ನಾಗಿ ಹತ್ತುತ್ತೆ, ಊಟದ ಜೊತೆ ಚಹಾ ಕುಡಿದರೆ ಅದೇ ಕಡಿಮೆಯಾಗುತ್ತೆ. ನಮ್ಮ ಕಡೆ ಮಕ್ಕಳು ಬೆಳಿಗ್ಗೆ ಚಹಾದಲ್ಲೇ ರೊಟ್ಟಿ ಅದ್ದಿ ತಿಂದು ಬರ್ತಾರಲ್ವಾ, ಈ ಮಾತು ಮನೆತನಕ ಹೋಗಲೇಬೇಕು.

ದೊಡ್ಡ ಕ್ಲಾಸಿನವರಿಗೆ ಅಂಗಡಿಯ ಚಿಪ್ಸ್ ಪ್ಯಾಕೆಟ್ಟಿನ ಹಿಂಬದಿ ಓದಿಸ್ತೇನೆ. ಜಾಸ್ತಿ ಇರುವ ಪದಾರ್ಥದ ಹೆಸರು ಮೊದಲು ಬರುತ್ತೆ ಅನ್ನೋದು ತಿಳಿದರೆ ಸಾಕು, ಎಣ್ಣೆ ಎಷ್ಟನೇ ಹೆಸರು ಅಂತ ತಾವೇ ಹುಡುಕ್ತಾರೆ.

ಒಂದು ವಿಷಯದಲ್ಲಿ ನಾನು ಗಟ್ಟಿ. ತೋಟದಿಂದ ಅಡುಗೆಯವರ ಕೆಲಸ ಹೆಚ್ಚಬಾರದು, ಅವರಿಗೆ ಸಿಗೋ ಗೌರವಧನವೇ ಕಡಿಮೆ. ಕೊಯ್ಲಿನ ದಿನ ಆರು, ಏಳನೇ ಕ್ಲಾಸಿನವರು ಕೈ ತೊಳೆದುಕೊಂಡು ಕೂತು ಸೋಸಿ ಕೊಡ್ತಾರೆ, ಗಂಡುಹುಡುಗರೂ ಸೇರಿ. "ನಮ್ ಹುಡುಗ ಪಲ್ಯ ಸೋಸಲಾಕ ಸಾಲಿಗಿ ಬರ್ತಾನೇನ್ರಿ?" ಅಂತ ಒಬ್ಬರು ಅಪ್ಪ ಕೇಳಿದರು. ಉಣ್ಣೋನು ಸೋಸಲೂ ಕಲಿಯಲಿ ಯಜಮಾನ್ರೇ ಅಂದೆ. ಆ ಹುಡುಗ ಈಗಲೂ ಸೋಸ್ತಾನೆ.